ಬೀಗ ಕೆಟ್ಟಿರಲಿಲ್ಲ, ಬಾಗಿಲು ಇಳಿದಿತ್ತು

ಬಾಗಿಲಿನ ಬೀಗ ಸರಿಯಾಗಿ ಬೀಳುತ್ತಿಲ್ಲ ಅಂತ ಹೊಸ ಬೀಗ ತರಲು ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಬೀಗದ ಕೈ ತಿರುಗಿಸಿ ನೋಡಿ. ಬೀಗದ ನಾಲಗೆ ಸಲೀಸಾಗಿ ಹೊರಗೆ ಬಂದು, ಸಲೀಸಾಗಿ ಒಳಗೆ ಹೋದರೆ ಬೀಗಕ್ಕೆ ಏನೂ ಆಗಿಲ್ಲ. ತೊಂದರೆ ಇರೋದು ಬಾಗಿಲಲ್ಲಿ, ಬಾಗಿಲು ತಿರುಗುವ ಕೀಲಾದ ಬಿಜಾಗ್ರಿಯಲ್ಲಿ, ಇಲ್ಲವೇ ಚೌಕಟ್ಟಿನಲ್ಲಿ.

ಇದನ್ನು ನನಗೆ ಕಲಿಸಿದ್ದು ನಮ್ಮೂರಿನ ಬಡಗಿ ಆಚಾರ್ರು. ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಆಗುಂಬೆ ಘಾಟಿ ಇಲ್ಲಿಂದ ದೂರವೇನಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗೋದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ, ಬಾಗಿಲುಗಳು ಉಬ್ಬುತ್ತವೆ. ಹಳೇ ಮನೆಗೆ ಅಂಟಿಕೊಂಡಂತೆ ಕಟ್ಟಿದ ಹೊಸ ಭಾಗದ ಬಾಗಿಲುಗಳೇ ನಮಗೆ ತಲೆನೋವು. ಅದರಲ್ಲೂ ಪಡುವಣಕ್ಕೆ ಮುಖ ಮಾಡಿದ ಜಗಲಿ ಬಾಗಿಲು. ಗಾಳಿ, ಇರಚಲು ಎರಡೂ ನೇರ ಅದರ ಮೇಲೇ ಬಡಿಯುತ್ತವೆ.

ಆ ಮಳೆಗಾಲದಲ್ಲಿ ಈ ಬಾಗಿಲಿನ ತೊಂದರೆಗಳು ಒಟ್ಟೊಟ್ಟಿಗೆ ಬಂದವು. ಬೀಗದ ಕೈ ತಿರುಗಿಸಲು ಎರಡೂ ಕೈ ಬೇಕಾಯಿತು. ಮೇಲಿನ ಮೂಲೆಯಿಂದ ಗಾಳಿ ಸುಯ್ಯೆಂದು ಒಳಗೆ ಬರತೊಡಗಿತು. ಕೆಳಗಿನಿಂದ ನೀರು. ಅತ್ತೆಗೆ ಮಂಡಿನೋವು. ಜಗಲಿ ಪಕ್ಕದ ಕೋಣೆಯಲ್ಲಿ ಮಲಗುವವರು ಅವರೇ. ರಾತ್ರಿ ಎದ್ದು ಹಳೇ ಸೀರೆ ಸುರುಳಿ ಸುತ್ತಿ ಬಾಗಿಲ ಬುಡಕ್ಕೆ ತುರುಕುತ್ತಿದ್ದರು. ಬೆಳಿಗ್ಗೆ ಆ ಸೀರೆ ಹಿಂಡಿದರೆ ಅರ್ಧ ಬಕೆಟ್ ನೀರು.

ಪೇಟೆಯ ಅಂಗಡಿಯೊಂದರಲ್ಲಿ ಬೀಗದ ಫೋಟೋ ತೋರಿಸಿದಾಗ, ಇಡೀ ಸೆಟ್ಟನ್ನೇ ಬದಲಾಯಿಸಬೇಕು ಅಂದರು. ನಮ್ಮ ಮನೆಯವರು ದುಡ್ಡು ಕೊಡಲು ಕೈ ಹಾಕಿದ್ದರು. ಆಚಾರ್ರಿಗೆ ಒಮ್ಮೆ ತೋರಿಸಿ ಆಮೇಲೆ ತಗೊಳ್ಳೋಣ ಅಂತ ನಾನೇ ತಡೆದೆ.

ಆಚಾರ್ರು ಬಂದವರು ಉಪಕರಣದ ಚೀಲ ಕೆಳಗಿಡುವ ಮೊದಲೇ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿದರು. "ಈಗ ಕೈ ತಿರುಗ್ಸಿ ಅಮ್ಮಾ" ಅಂದರು. ತಿರುಗಿಸಿದೆ. ಬೆಣ್ಣೆಯಂತೆ ತಿರುಗಿತು.

"ಬೀಗಕ್ಕೇನೂ ಆಗ್ಲಿಲ್ಲ. ಬಾಗ್ಲು ಇಳ್ದಿದೆ, ಅಷ್ಟೇ."

ಬಾಗಿಲು ಇಳಿಯೋದು ಅಂದರೆ ಏನು ಅಂತ ಅವರು ಬಾಗಿಲ ಮುಂದೆ ನಿಲ್ಲಿಸಿ ತೋರಿಸಿದರು. ಬಾಗಿಲಿನ ಭಾರವೆಲ್ಲ ಮೇಲಿನ ಬಿಜಾಗ್ರಿಯನ್ನು ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ಅಲ್ಲಿಯ ಸ್ಕ್ರೂ ಸಡಿಲವಾದರೆ ಬಾಗಿಲು ಹಿಡಿಯ ಕಡೆಗೆ ವಾಲುತ್ತದೆ. ಆಗ ಮೇಲಿನ ಸಂದು ಒಂದೇ ಸಮ ಇರೋದಿಲ್ಲ. ಬಿಜಾಗ್ರಿ ಕಡೆ ಸಣ್ಣಗೆ, ಹಿಡಿಯ ಕಡೆ ಅಗಲವಾಗಿ, ಬೆಣೆಯ ಆಕಾರದಲ್ಲಿ ಕಾಣುತ್ತದೆ. ಹಿಡಿಯ ಕಡೆಯ ಮೇಲ್ಮೂಲೆ ಚೌಕಟ್ಟಿನ ಬದಿಗೆ ಉಜ್ಜುತ್ತದೆ, ಕೆಳಮೂಲೆ ನೆಲಕ್ಕೆ ಎಳೆಯುತ್ತದೆ. ಬೀಗದ ನಾಲಗೆಯೂ ಬಾಗಿಲಿನ ಜೊತೆ ಕೆಳಗಿಳಿದು, ಚೌಕಟ್ಟಿನ ಪಟ್ಟಿಯಲ್ಲಿರುವ ತೂತಿನ ಕೆಳ ಅಂಚಿಗೆ ಹೊಡೆಯುತ್ತದೆ. ನಮ್ಮ ಬಾಗಿಲಲ್ಲಿ ಗಾಳಿ ಬರುತ್ತಿದ್ದುದು ಆ ಬೆಣೆಯಾಕಾರದ ಸಂದಿನಿಂದ. ಬೀಗ ಸಿಕ್ಕಿಕೊಳ್ಳುತ್ತಿದ್ದುದೂ ಅದೇ ಕಾರಣಕ್ಕೆ. ಎರಡು ಕಾಯಿಲೆ ಅಂದುಕೊಂಡಿದ್ದು ಒಂದೇ ಆಗಿತ್ತು.

ನಾಲಗೆ ಎಲ್ಲಿ ಹೊಡೆಯುತ್ತಿದೆ ಅಂತ ನೋಡಲು ಅವರು ಕುಂಕುಮ ಕೇಳಿದರು. ಒಂದು ತೊಟ್ಟು ಎಣ್ಣೆಯಲ್ಲಿ ಕಲಸಿ ನಾಲಗೆಯ ತುದಿಗೆ ತೆಳುವಾಗಿ ಸವರಿದರು. ಬಾಗಿಲು ಹಾಕಿ, ಬೀಗದ ಕೈ ತಿರುಗಿಸಿ, ಮತ್ತೆ ತೆರೆದರು. ಚೌಕಟ್ಟಿನ ಹಿತ್ತಾಳೆ ಪಟ್ಟಿಯ ಮೇಲೆ, ತೂತಿನ ಕೆಳಗಡೆ, ಉಗುರಿನಷ್ಟು ಅಗಲದ ಕೆಂಪು ಗೆರೆ. ನಾಲಗೆ ತೂತಿಗಿಂತ ಎಷ್ಟು ಕೆಳಗಿದೆ ಅಂತ ಆ ಗೆರೆಯೇ ಹೇಳಿತು. ಸಣ್ಣ ವ್ಯತ್ಯಾಸವಿದ್ದರೆ ಆ ತೂತನ್ನೇ ಅರದಿಂದ ಉಜ್ಜಿ ಸ್ವಲ್ಪ ದೊಡ್ಡದು ಮಾಡಬಹುದಂತೆ. ತುಂಬ ಜನ ಮಾಡೋದೂ ಅಷ್ಟೇ. ಆದರೆ ಬಾಗಿಲು ಇಳಿದಿರುವಾಗ ಹಾಗೆ ಮಾಡಿದರೆ ಬೀಗ ಬೀಳುತ್ತದೆ, ಗಾಳಿ ಮಾತ್ರ ಹಾಗೇ ಬರುತ್ತಿರುತ್ತದೆ. ಮುಂದಿನ ವರ್ಷಕ್ಕೆ ಬಾಗಿಲು ಇನ್ನಷ್ಟು ಇಳಿಯುತ್ತದೆ. ಹಾಗಾಗಿ ಬಿಜಾಗ್ರಿಯಿಂದಲೇ ಶುರು ಮಾಡಬೇಕು. ಈ ಕ್ರಮ ತಪ್ಪಿಸಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೇಲಿನ ಬಿಜಾಗ್ರಿಯ ಸ್ಕ್ರೂಗಳನ್ನು ಬಿಗಿ ಮಾಡಲು ನೋಡಿದರೆ ಅವು ಸುಮ್ನೆ ಸುತ್ತುತ್ತಿದ್ದವು. ಒಳಗಿನ ಮರ ಸವೆದು ತೂತು ದೊಡ್ಡದಾಗಿತ್ತು. ಮೊದಲು ಬಾಗಿಲಿನ ಕೆಳಗೆ ಬೆಣೆ ಕೊಟ್ಟು ಅದನ್ನು ಸರಿಯಾದ ಎತ್ತರಕ್ಕೆ ತಂದು ನಿಲ್ಲಿಸಿದರು. ಸ್ಕ್ರೂ ಬಿಚ್ಚಿ, ಸಾಗುವಾನಿಯ ಸಣ್ಣ ಚಕ್ಕೆಗಳನ್ನು ಫೆವಿಕಾಲಿನಲ್ಲಿ ಅದ್ದಿ ಆ ತೂತುಗಳಿಗೆ ಹೊಡೆದರು. ಹೊರಗೆ ಉಳಿದ ತುದಿಯನ್ನು ಉಳಿಯಿಂದ ಕತ್ತರಿಸಿ ಸಮ ಮಾಡಿದರು. ಅಂಟು ಹಿಡಿಯಲು ಒಂದು ರಾತ್ರಿ ಬಿಡಬೇಕು. ಮಳೆಗಾಲದಲ್ಲಿ ಅದೂ ಸಾಲದು. ಹಾಗಾಗಿ ಮಾರನೇ ದಿನವೂ ಆ ಬಾಗಿಲನ್ನು ಮುಟ್ಟಬೇಡಿ ಅಂದರು. ಆಮೇಲೆ ಮೊದಲಿದ್ದ ಒಂದಿಂಚಿನ ಸ್ಕ್ರೂ ಬದಲು ಎರಡಿಂಚಿನದು ಹಾಕಿದರು. ಚೌಕಟ್ಟಿನ ಮರ ದಪ್ಪಗಿದ್ದರೆ ಉದ್ದದ ಸ್ಕ್ರೂ ಚೆನ್ನಾಗಿ ಕಚ್ಚುತ್ತದೆ. ತೂತು ಅಷ್ಟೊಂದು ದೊಡ್ಡದಾಗಿರದಿದ್ದರೆ ಮದ್ದು ತೆಗೆದ ಬೆಂಕಿಕಡ್ಡಿ ತುಂಬಿದರೂ ನಡೆಯುತ್ತದೆ. ಆದರೆ ಹೊರಬಾಗಿಲಿನಂಥ ಭಾರದ ಬಾಗಿಲಿಗೆ ಗಟ್ಟಿಮರದ ಚಕ್ಕೆಯೇ ಒಳ್ಳೆಯದು.

ಬಾಗಿಲು ಮೇಲೆದ್ದಿತು. ಬೀಗ ಬಿತ್ತು. ಮೇಲಿನ ಗಾಳಿ ಬಹುಪಾಲು ನಿಂತಿತು.

ಬಾಗಿಲಿನ ಅಂಚು ಮಾತ್ರ ಇನ್ನೂ ಒಂದು ಕಡೆ ಉಜ್ಜುತ್ತಿತ್ತು. ಕೀಸುಳಿ ಹೊಡೆದುಬಿಡಿ ಅಂದೆ. ಆಚಾರ್ರು ಒಪ್ಪಲಿಲ್ಲ. ಇದನ್ನು ಮಲೆನಾಡು, ಕರಾವಳಿಯವರು ಗಮನಿಸಬೇಕು. ಮರ ನೀರು ಹೀರಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಉಬ್ಬುವುದೆಲ್ಲ ಅಗಲಕ್ಕೆ, ನಾರಿಗೆ ಅಡ್ಡಲಾಗಿ. ಬೇಸಿಗೆಯಲ್ಲಿ ಅದೇ ಮರ ಮತ್ತೆ ಕುಗ್ಗುತ್ತದೆ. ಜುಲೈನಲ್ಲಿ ಉಬ್ಬಿದ ಬಾಗಿಲನ್ನು ಉಜ್ಜಿ ಸಲೀಸು ಮಾಡಿದರೆ ಫೆಬ್ರುವರಿಯಲ್ಲಿ ಬೆರಳು ತೂರುವಂಥ ಸಂದು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಉಜ್ಜುತ್ತಿರುವ ಜಾಗಕ್ಕೆ ಮಳೆಗಾಲದಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿಡಬೇಕು. ಕೀಸುಳಿ ಕೆಲಸ ಮಾರ್ಚ್ ಏಪ್ರಿಲಿನಲ್ಲಿ, ಆ ಗೆರೆಯವರೆಗೆ ಮಾತ್ರ. ಅಲ್ಲಿಯವರೆಗೆ ಉಜ್ಜುವ ಅಂಚಿಗೆ ಮೇಣದ ಬತ್ತಿ ತಿಕ್ಕಿದರೆ ಸಾಕು, ಬಾಗಿಲು ಜಾರುತ್ತದೆ.

ಹಾಗಾದರೆ ಹಳೇ ಮನೆಯ ಬಾಗಿಲುಗಳು ಯಾಕೆ ಇಷ್ಟೊಂದು ಉಬ್ಬುವುದಿಲ್ಲ ಅಂತ ಕೇಳಿದೆ. ನಮ್ಮ ನಡುಮನೆಯ ಬಾಗಿಲನ್ನು ತೋರಿಸಿದರು. ಸುತ್ತ ಗಟ್ಟಿ ಪಟ್ಟಿಗಳು, ನಡುವೆ ಹಲಗೆ. ಆ ಹಲಗೆಯನ್ನು ಪಟ್ಟಿಯ ಗಾಡಿಯೊಳಗೆ, ಅಂದರೆ ಅಂಚಿನಲ್ಲಿ ಉದ್ದಕ್ಕೆ ಕೊರೆದ ಸಣ್ಣ ಕಾಲುವೆಯೊಳಗೆ, ಸುಮ್ಮನೆ ಕೂರಿಸಿರುತ್ತಾರೆ, ಅಂಟು ಹಾಕುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಹಲಗೆ ಉಬ್ಬಿದರೂ ಕುಗ್ಗಿದರೂ ಗಾಡಿಯೊಳಗೇ ಅಲ್ಲಾಡಿಕೊಳ್ಳುತ್ತದೆ, ಬಾಗಿಲಿನ ಅಗಲ ಅಷ್ಟಾಗಿ ಬದಲಾಗುವುದಿಲ್ಲ. ಎಷ್ಟು ತಿಳಿದವರು ಮಾಡಿದ ಕೆಲಸ ಅಲ್ವಾ! ದಿನಾ ನೋಡುವ ಬಾಗಿಲೇ ಆದರೂ ಅವತ್ತು ನಾನು ಆ ಹಲಗೆಯ ಅಂಚನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದೆ. ಬಣ್ಣ ಬಳಿಯುವವರು ದಪ್ಪಗೆ ಬಣ್ಣ ಮೆತ್ತಿ ಆ ಗಾಡಿಯನ್ನು ಮುಚ್ಚಿಬಿಟ್ಟರೆ ಹಲಗೆ ಅಲ್ಲಾಡಲಾಗದೆ ಸೀಳುತ್ತದೆ. ನಿಮ್ಮ ಮನೆಯಲ್ಲಿ ಅಂಥ ಬಾಗಿಲಿದ್ದರೆ ಬಣ್ಣದವರಿಗೆ ಮೊದಲೇ ಹೇಳಿ.

ಹೊಸ ಭಾಗದ ಒಳಬಾಗಿಲುಗಳು ಫ್ಲಶ್ ಡೋರ್, ಅಂದರೆ ಪದರ ಅಂಟಿಸಿ ಮಾಡಿದ ಸಪಾಟು ಬಾಗಿಲು. ಅವುಗಳ ಕಥೆ ಬೇರೆ. ಹಿಂದೆ ಮುಂದೆ ಚೆನ್ನಾಗಿ ಬಣ್ಣ ಬಳಿದಿರುತ್ತಾರೆ. ಕೆಳಗಿನ ಅಂಚು ಮಾತ್ರ ಬರೀ ಮರ. ನೆಲ ಒರೆಸಿದ ನೀರು, ಬಚ್ಚಲಿನ ನೀರು, ಮಳೆಯ ಥಂಡಿ ಎಲ್ಲವೂ ಅಲ್ಲಿಂದಲೇ ಒಳಗೆ ಏರುತ್ತದೆ. ಬಚ್ಚಲುಮನೆ ಬಾಗಿಲಿನ ಬುಡ ಮೊದಲು ಉಬ್ಬಿ, ಆಮೇಲೆ ಪದರ ಬಿಡುವುದು ಇದಕ್ಕೇ. ಕೆಳಗಿನ ಅಂಚಿಗೆ ಬಣ್ಣ ಇದೆಯೋ ಇಲ್ಲವೋ ನೋಡಲು ಬಾಗಿಲು ಬಿಚ್ಚಬೇಕಿಲ್ಲ. ಒಂದು ಕನ್ನಡಿ ಚೂರನ್ನು ನೆಲದ ಮೇಲೆ ಬಾಗಿಲ ಬುಡಕ್ಕೆ ತಳ್ಳಿ, ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ನಮ್ಮಲ್ಲಿ ಒಂದಕ್ಕೂ ಬಣ್ಣ ಇರಲಿಲ್ಲ. ಬೇಸಿಗೆಯಲ್ಲಿ ಎಲ್ಲವನ್ನೂ ಬಿಚ್ಚಿಸಿ, ಬಿಸಿಲಿಗೆ ಒಣಗಿಸಿ, ಪ್ರೈಮರ್ ಮತ್ತು ಎಣ್ಣೆ ಬಣ್ಣ ಹೊಡೆಸಿದೆವು.

ಗಾಳಿ ಬರುವ ಜಾಗ ಹುಡುಕುವ ಕೆಲಸವನ್ನು ನಾನೇ ಮಾಡಿದೆ. ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ, ಬಾಗಿಲಿನ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋದೆ. ಹೊಗೆ ನೇರ ಮೇಲೇರುತ್ತಿದ್ದರೆ ಅಲ್ಲಿ ಸಂದಿಲ್ಲ. ಒಳಮುಖವಾಗಿ ಬಾಗಿದರೆ ಗಾಳಿ ಬರುತ್ತಿದೆ. ಇನ್ನೊಂದು ಪರೀಕ್ಷೆ ಕಾಗದದ್ದು. ಒಂದು ಪತ್ರಿಕೆಯ ಹಾಳೆಯನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಬೇಕು. ಬಿಗಿಯಾಗಿ ಹಿಡಿದರೆ ಸರಿ, ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಬೇಕು. ಹೀಗೆ ನೋಡುತ್ತಾ ಹೋದಾಗ ಗೊತ್ತಾಗಿದ್ದು, ಬದಿಗಳದ್ದು ಅಂಥ ದೊಡ್ಡ ವಿಷಯವಲ್ಲ. ದೊಡ್ಡ ದಾರಿ ಕೆಳಗಡೆ. ಮೂರಡಿ ಅಗಲದ ಬಾಗಿಲಿನ ಕೆಳಗೆ 12 ಮಿಲಿಮೀಟರ್ ಸಂದಿದ್ದರೆ ಅದು ಒಟ್ಟು ಸುಮಾರು 110 ಚದರ ಸೆಂಟಿಮೀಟರ್ ಆಗುತ್ತದೆ. ಹತ್ತು ಸೆಂಟಿಮೀಟರ್ ಉದ್ದ, ಹನ್ನೊಂದು ಸೆಂಟಿಮೀಟರ್ ಅಗಲದ ತೂತನ್ನು ಗೋಡೆಯಲ್ಲಿ ಕೊರೆದು ಬಿಟ್ಟರೆ ಎಷ್ಟೋ ಅಷ್ಟು. ಹಳೇ ಮನೆಗೆ ಎತ್ತರದ ಹೊಸ್ತಿಲಿತ್ತು, ಗಾಳಿಯೂ ನೀರೂ ಹುಳಹುಪ್ಪಟೆಯೂ ಅಲ್ಲೇ ನಿಲ್ಲುತ್ತಿದ್ದವು. ಹೊಸ ಭಾಗದಲ್ಲಿ ಎಡವುತ್ತಾರೆ ಅಂತ ಹೊಸ್ತಿಲು ಇಡದೆ ಟೈಲ್ಸ್ ಎಳೆದುಬಿಟ್ಟಿದ್ದರು.

ಮಾರುಕಟ್ಟೆಯಲ್ಲಿ ಸಿಗುವ ಸ್ಪಂಜಿನ ಟೇಪು ನಮ್ಮ ಕಡೆಯ ಹೊರಬಾಗಿಲಿಗೆ ಬೇಡ. ನೀರು ಕುಡಿದು ಕೊಳೆಯುತ್ತದೆ. ಗಟ್ಟಿ ರಬ್ಬರಿನದು ತರಬೇಕು. ಇ.ಪಿ.ಡಿ.ಎಂ. ಅಂತ ಕೇಳಿದರೆ ಕೊಡುತ್ತಾರೆ. ಕಡಿಮೆ ಸಂದಿಗೆ ಪಿ ಆಕಾರದ್ದು, ಜಾಸ್ತಿ ಇದ್ದರೆ ಡಿ ಆಕಾರದ್ದು. ಅಂಟಿಸುವ ಮೊದಲು ಚೌಕಟ್ಟಿನ ಧೂಳು, ಎಣ್ಣೆಯ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ ಪೂರ್ತಿ ಒಣಗಿಸಬೇಕು. ಥಂಡಿ ಹಿಡಿದ ಮರಕ್ಕೆ ಯಾವ ಅಂಟೂ ನಿಲ್ಲುವುದಿಲ್ಲ. ಇನ್ನೊಂದು ಮಾತು, ಬೇಕಾದ್ದಕ್ಕಿಂತ ದಪ್ಪದ ರಬ್ಬರ್ ಹಾಕಿದರೆ ಬಾಗಿಲು ಪೂರ್ತಿ ಕೂರುವುದಿಲ್ಲ. ಆಗ ಬೀಗದ ನಾಲಗೆ ಮತ್ತೆ ಪಟ್ಟಿಗೆ ಹೊಡೆಯುತ್ತದೆ, ಬಿಜಾಗ್ರಿಗೂ ಎಳೆತ ಬೀಳುತ್ತದೆ. ರಬ್ಬರ್ ಅಂಟಿಸಿದ ಮೇಲೆ ಬಾಗಿಲನ್ನು ಒತ್ತಿ ಹಿಡಿಯದೆಯೇ ಬೀಗ ಬೀಳಬೇಕು. ಬೀಳದಿದ್ದರೆ ತೆಗೆದು ತೆಳ್ಳಗಿನದು ಹಾಕಿ.

ಒಳಬಾಗಿಲುಗಳ ಬುಡಕ್ಕೆ ಎರಡೂ ಕಡೆ ಸುರುಳಿ ಇರುವ ಬಟ್ಟೆಯ ಪಟ್ಟಿ ಸಾಕಾಯಿತು. ಜಗಲಿ ಬಾಗಿಲಿಗೆ ಆಚಾರ್ರು ಬೇರೆಯೇ ಉಪಾಯ ಮಾಡಿದರು. ಹೊರಮುಖದಲ್ಲಿ, ಬಾಗಿಲಿನ ಬುಡದಿಂದ ಸ್ವಲ್ಪ ಮೇಲೆ, ಇಳಿಜಾರು ಇರುವ ಮರದ ಪಟ್ಟಿ ಅಡ್ಡಕ್ಕೆ ಹೊಡೆದರು. ಅದರ ಕೆಳಮೈಯಲ್ಲಿ ಉದ್ದಕ್ಕೂ ಸಣ್ಣ ಗಾಡಿ ತೆಗೆದಿದ್ದರು. ಆ ಗಾಡಿ ಯಾಕೆ ಅಂತ ಕೇಳಿದ್ದಕ್ಕೆ ಒಂದು ಚೊಂಬು ನೀರು ತರಿಸಿ ಬಾಗಿಲಿನ ಮೇಲಿನಿಂದ ಸುರಿದು ತೋರಿಸಿದರು. ನೀರು ಪಟ್ಟಿಯ ಮೇಲೆ ಜಾರಿ, ಅಂಚು ದಾಟಿ, ಕೆಳಮೈಗೆ ಅಂಟಿಕೊಂಡು ಮತ್ತೆ ಬಾಗಿಲ ಕಡೆಗೇ ಹೊರಟಿತು. ಗಾಡಿ ಸಿಕ್ಕಿದ್ದೇ ತಡ, ಮುಂದೆ ಹೋಗಲಾಗದೆ ಹನಿಹನಿಯಾಗಿ ಅಲ್ಲೇ ಕೆಳಗೆ ಬಿತ್ತು, ಬಾಗಿಲಿನಿಂದ ಆಚೆಗೆ. ಗಾಡಿ ಇಲ್ಲದಿದ್ದರೆ ಪಟ್ಟಿ ಹೊಡೆದೂ ಪ್ರಯೋಜನ ಇಲ್ಲ. ಜೊತೆಗೆ ಹೊರಕ್ಕೆ ಇಳಿಜಾರಾಗಿ ಕಲ್ಲಿನ ಹೊಸ್ತಿಲು ಕೂರಿಸಿದೆವು. ಅತ್ತೆ ಎಡವದಂತೆ ಎತ್ತರ ಕಡಿಮೆ ಇಟ್ಟು, ಅಂಚನ್ನು ಉರುಟು ಮಾಡಿಸಿದೆ. ಮುಂದಿನ ಮಳೆಗಾಲಕ್ಕೆ ಸೀರೆ ತುರುಕುವ ಕೆಲಸ ತಪ್ಪಿತು.

ಎಲ್ಲ ಸಂದನ್ನೂ ಮುಚ್ಚಬಾರದು ಅನ್ನೋದನ್ನು ಇಲ್ಲಿ ಒತ್ತಿ ಹೇಳಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ನೆಲದ ಮಟ್ಟದಲ್ಲೇ ಹರಡುತ್ತದೆ. ಸಿಲಿಂಡರ್ ಇರುವ ಅಡುಗೆಮನೆಯಿಂದ ಹೊರಗೆ ಹೋಗುವ ಬಾಗಿಲಿನ ಕೆಳಗೆ ಸ್ವಲ್ಪ ಸಂದು ಇರಲೇಬೇಕು. ಗ್ಯಾಸ್ ಗೀಸರ್ ಬಚ್ಚಲುಮನೆಯ ಒಳಗೇ ಇದ್ದರೆ ಇನ್ನೂ ಎಚ್ಚರ ಬೇಕು. ಗಾಳಿಯಾಡದ ಜಾಗದಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಗೀಸರನ್ನು ಹೊರಗಿಡಿಸುವುದೇ ಸರಿ. ಅಲ್ಲಿಯವರೆಗೆ ಚಳಿಗೆ ಹೆದರಿ ಆ ಬಾಗಿಲಿನ ಬುಡವನ್ನಾಗಲಿ ವೆಂಟಿಲೇಟರನ್ನಾಗಲಿ ಮುಚ್ಚಬೇಡಿ. ಹಳೇ ಬಚ್ಚಲಿನ ಸೌದೆ ಒಲೆಗೂ ಇದೇ ಮಾತು.

ಇನ್ನು ನಿಜಕ್ಕೂ ಬೀಗದ್ದೇ ತೊಂದರೆ ಇದ್ದ ಜಾಗಗಳು. ಹಿಂಬಾಗಿಲಿನ ಬೀಗ ಬೇಸಿಗೆಯಲ್ಲಿ ಚೆನ್ನಾಗಿತ್ತು, ಡಿಸೆಂಬರ್ ಬೆಳಗಿನಲ್ಲಿ ಮಾತ್ರ ಕೈ ತಿರುಗುತ್ತಿರಲಿಲ್ಲ. ಬಿಸಿಲು ಬಿದ್ದ ಮೇಲೆ ಸರಿಹೋಗುತ್ತಿತ್ತು. ಅದಕ್ಕೆ ಮನೆಯಲ್ಲಿ ಎಲ್ಲರೂ ಸೇರಿ ತೆಂಗಿನೆಣ್ಣೆ ಬಿಡುವ ರೂಢಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಚಳಿಗಾಲದ ಬೆಳಗು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಬಾಟಲಿಯಲ್ಲಿ ಹೆಪ್ಪುಗಟ್ಟಿದ ಎಣ್ಣೆ ಬೀಗದೊಳಗೂ ಹಾಗೇ ಹೆಪ್ಪುಗಟ್ಟುತ್ತಿತ್ತು. ಧೂಳು ಸೇರಿ ಮೇಣದಂತಾಗಿತ್ತು. ಬೀಗ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿಟ್ಟು, ಕೈಯನ್ನು ಹಾಕಿ ತೆಗೆದು ಮಾಡುತ್ತಾ ಇದ್ದರೆ ಕಪ್ಪು ರಾಡಿ ಹೊರಬಂತು. ಒಣಗಿಸಿದ ಮೇಲೆ ಎಣ್ಣೆಯ ಬದಲು ಪೆನ್ಸಿಲಿನ ಸೀಸದ ಪುಡಿ. 6ಬಿ ಪೆನ್ಸಿಲನ್ನು ಬೀಗದ ಕೈಯ ಎರಡೂ ಮೈಗೆ, ಹಲ್ಲುಗಳ ಸಂದಿಗೂ ಚೆನ್ನಾಗಿ ಉಜ್ಜಿ, ಒಳಗೆ ಹಾಕಿ ತಿರುಗಿಸುತ್ತಾ ಬಂದರೆ ಸಾಕು. ಅದು ಗ್ರ್ಯಾಫೈಟ್, ಧೂಳು ಹಿಡಿಯುವುದಿಲ್ಲ, ಚಳಿಗೆ ಗಟ್ಟಿಯಾಗುವುದೂ ಇಲ್ಲ.

ಅಡಿಕೆ ಕೋಣೆಯ ಬೀಗಕ್ಕೆ ಕೈಯೇ ಒಳಗೆ ಹೋಗುತ್ತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಕೀಲಿತೂತಿನ ತುಂಬ ಮಣ್ಣು. ಕುಂಬಾರ ಹುಳದ ಕೆಲಸ. ಹೇರ್‌ಪಿನ್ನಿನಿಂದ ಕೆದಕಿದಾಗ ಒಣಮಣ್ಣಿನ ಜೊತೆ ಮರಿಗಳ ಊಟಕ್ಕೆಂದು ಅದು ತಂದಿಟ್ಟಿದ್ದ ಪುಟ್ಟ ಜೇಡಗಳೂ ಉದುರಿದವು. ಕೈಯನ್ನು ಬಲವಂತದಿಂದ ತುರುಕಿದರೆ ಮಣ್ಣು ಇನ್ನೂ ಒಳಗೆ ಹೋಗಿ ಕೂರುತ್ತದೆ. ಬೀಗವನ್ನು ತೂತು ಕೆಳಗಾಗುವಂತೆ ಹಿಡಿದು ಮೆಲ್ಲಗೆ ಕೆದಕಿ, ತಟ್ಟಿ ಉದುರಿಸಬೇಕು. ಈಗ ತೂತಿನ ಮೇಲೆ ಸೈಕಲ್ ಟ್ಯೂಬಿನ ತುಂಡೊಂದನ್ನು ಮುಚ್ಚಳದ ಹಾಗೆ ಕಟ್ಟಿದ್ದೇನೆ.

ಮಹಡಿ ಕೋಣೆಯ ಬೀಗ ಮಾತ್ರ ಒಳಗೆ ಸವೆದಿತ್ತು. ಅಲ್ಲೂ ಇಡೀ ಸೆಟ್ ಬೇಕಾಗಲಿಲ್ಲ. ಕೈ ಹಾಕುವ ಕೊಳವೆಯಂಥ ಭಾಗ, ಸಿಲಿಂಡರ್, ಅದೊಂದೇ ಬೇರೆ ಸಿಗುತ್ತದೆ. ಬಾಗಿಲಿನ ದಪ್ಪದ ಕಡೆ, ನಾಲಗೆಯ ಕೆಳಗೆ, ಒಂದು ಉದ್ದದ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೈಯನ್ನು ಸ್ವಲ್ಪವೇ ಓರೆ ಮಾಡಿ ಎಳೆದರೆ ಸಿಲಿಂಡರ್ ಹೊರಗೆ ಬರುತ್ತದೆ. ನೇರ ಇಟ್ಟು ಎಳೆದರೆ ಬರುವುದಿಲ್ಲ. ಯಾಕೆಂದರೆ ಒಳಗಿನ ಚಾಚಿದ ತುಂಡು ಕೊಳವೆಯ ಮೈಗೆ ಸರಿಯಾಗಿ ಕೂರಬೇಕು. ಅಂಗಡಿಗೆ ಹಳೇದನ್ನೇ ತೆಗೆದುಕೊಂಡು ಹೋಗಿ. ನಡುವಿನ ಸ್ಕ್ರೂ ತೂತಿನಿಂದ ಎರಡೂ ತುದಿಗೆ ಎಷ್ಟೆಷ್ಟು ಮಿಲಿಮೀಟರ್ ಅಂತ ಅಳೆಯಬೇಕು, 30 ಮತ್ತು 30, ಅಥವಾ 35 ಮತ್ತು 35 ಅನ್ನುವ ಹಾಗೆ. ಹೊಸದರ ಜೊತೆ ಬರುವ ಕೈಗಳಲ್ಲಿ ಒಂದನ್ನು ಬಳಸದೆ ಎತ್ತಿಡಿ. ನಕಲು ಮಾಡಿಸುವಾಗ ಅದನ್ನೇ ಕೊಡಬೇಕು. ಸವೆದ ಕೈಯಿಂದ ಮಾಡಿಸಿದ ನಕಲು, ಸವೆತದ ನಕಲೂ ಆಗಿರುತ್ತದೆ.

ಅತ್ತೆಯ ಬಚ್ಚಲುಮನೆ ಬಾಗಿಲಿಗೆ ಒಳಗಿನ ಚಿಲಕ ತೆಗೆಸಿ, ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುವಂಥ ಲಾಕ್ ಹಾಕಿಸಿದ್ದೇವೆ. ಬಾಗಿಲು ಉಬ್ಬಿ, ಚಿಲಕ ಸಿಕ್ಕಿಕೊಂಡು, ಅವರು ಒಳಗೇ ಉಳಿದ ದಿನ ನಮಗೆಲ್ಲ ಕೈಕಾಲು ಆಡಿರಲಿಲ್ಲ. ವಯಸ್ಸಾದವರಿರುವ ಮನೆಯಲ್ಲಿ ಬೇರೆಲ್ಲದಕ್ಕಿಂತ ಮೊದಲು ಈ ಕೆಲಸ ಮಾಡಿಸಿ. ದುಡ್ಡೂ ಜಾಸ್ತಿ ಆಗೋದಿಲ್ಲ.

ಮಹಡಿಯ ಬಿಸಿಲುಮಚ್ಚಿನ ಬಾಗಿಲೊಂದು ಬಾಕಿ ಇದೆ. ಅದು ಉಜ್ಜುವ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿದ್ದಾಗಿದೆ, ಮೇಲಿನ ಬಿಜಾಗ್ರಿಯ ಸ್ಕ್ರೂಗಳೂ ಸುತ್ತುತ್ತಿವೆ. ಅಡಿಕೆ ಕೊಯ್ಲು ಮುಗಿದ ಮೇಲೆ ಬರುತ್ತೇನೆ ಅಂತ ಆಚಾರ್ರು ಹೇಳಿದ್ದಾರೆ. ಎರಡಿಂಚಿನ ಸ್ಕ್ರೂ ತಂದಿಟ್ಟಿದ್ದೇನೆ.